ಅತ್ತೆ ತೊಳೆದ ಗೋಡೆ

ಬಾಡಿಗೆ ಮನೆಗೆ ಬಂದ ವಾರದೊಳಗೇ ಅತ್ತೆಯ ತೋಳಿನ ಮೇಲೆ ಕೆಂಪು ದದ್ದುಗಳು ಸಾಲಾಗಿ ಎದ್ದವು. "ಸೊಳ್ಳೆ ಕಣೇ" ಎಂದರು. ಸೊಳ್ಳೆ ಹೀಗೆ ಸಾಲು ಹಿಡಿದು ಕಚ್ಚುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು. ಮಂಚ ಎಳೆದು ನೋಡಿದಳು. ಗೋಡೆಯ ಬುಡದ ಮರದ ಪಟ್ಟಿ ಸಡಿಲವಾಗಿತ್ತು. ಎತ್ತಿದರೆ ಹಿಂದೆ ತಿಗಣೆಗಳ ಸಂಸಾರವೇ ಇತ್ತು. ಒಣಗಿದ ಪೊರೆ, ಮೊಟ್ಟೆ, ಕರಿಚುಕ್ಕೆ. ಎಷ್ಟೋ ಚುಕ್ಕೆಗಳ ಮೇಲೆ ಮಾಲೀಕ ಬಳಿಸಿದ ಹೊಸ ಬಣ್ಣ ಕೂತಿತ್ತು.

ಮಹಡಿಯಲ್ಲಿ ವಕೀಲರೊಬ್ಬರ ಗುಮಾಸ್ತೆಯಿದ್ದಳು. ಕಟ್ಟಡದವರೆಲ್ಲ ಅವಳನ್ನು ಕಾನೂನಕ್ಕ ಎನ್ನುತ್ತಿದ್ದರು. ಅವಳು ಬಂದು ಬಗ್ಗಿ ನೋಡಿದಳು.

"ನೋಡು ತಂಗಿ, ಬಣ್ಣದ ಕೆಳಗಿರೋದು ನೀವು ತಂದದ್ದಲ್ಲ. ಈ ಗೋಡೆನೇ ಸಾಕ್ಷಿ. ವಾಸ ಮಾಡೋ ಹಂಗಿರೋ ಮನೆ ಕೊಡೋದು ಮಾಲೀಕನ ಹೊಣೆ. ಬಿಸಿಗಾಳಿ ಯಂತ್ರ ತರಿಸಿ ಅವನೇ ಸಾಯಿಸ್ಬೇಕು. ಅದರಲ್ಲಿ ಬಟ್ಟೆಬರೆನೂ ಹಾಳಾಗಲ್ಲ."

"ಇದೂ ಉಳಿಯತ್ತಾ?" ಅತ್ತೆ ಎದೆಗವಚಿಕೊಂಡಿದ್ದ ಹೊದಿಕೆಯನ್ನು ಮುಂದೆ ಚಾಚಿದರು. ಜ್ವರದಲ್ಲಿ ಹೋದ ಮೊಮ್ಮಗಳ ಬಟ್ಟೆಗಳನ್ನು ಕೂಡಿಸಿ ಸೊಸೆಯೇ ಹೊಲಿದದ್ದು. ನಡುವೆ ಹಳದಿ ಫ್ರಾಕು. ನವೆದು ನವೆದು, ನೀರು ಸೋಕಿಸಲೂ ಹೆದರಿಕೆಯಾಗುವಂತಿತ್ತು.

"ಉಳಿಯತ್ತೆ ಅಜ್ಜಿ. ನಗರಸಭೆಗೆ ದೂರು ಕೊಡ್ತೀನಿ. ಆದ್ರೆ ಅಲ್ಲಿಂದ ತಪಾಸಣೆಯವರು ಬರೋವರೆಗೂ ಏನೂ ಮುಟ್ಟಬೇಡಿ. ಅಲ್ಲೀವರೆಗೂ ಇವು ಅತಿಥಿಗಳು ಅನ್ಕೊಳ್ಳಿ."

"ಚೆನ್ನಾಯ್ತು! ಅತಿಥಿಗೆ ನಾವೇ ಊಟ" ಎಂದರು ಅತ್ತೆ. ಮೂವರೂ ನಕ್ಕರು.

ತಪಾಸಣೆಯ ದಿನ ಬೆಳಿಗ್ಗೆ, ಕೂಲಿಗೆ ಹೊಲಿದ ಬಟ್ಟೆಗಳನ್ನು ಅಂಗಡಿಗೆ ಕೊಟ್ಟು ಸೊಸೆ ಹಿಂತಿರುಗಿದಾಗ ಹೊಸ್ತಿಲು ಒದ್ದೆಯಾಗಿತ್ತು. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಮಂಡಿಯೂರಿ, ಮೆಲ್ಲಗೆ ಪದ್ಯ ಹೇಳಿಕೊಳ್ಳುತ್ತಾ, ಹೆರೆದು ತಿಕ್ಕಿದ ಗೋಡೆಯನ್ನು ಒರೆಸುತ್ತಿದ್ದರು. ಬಣ್ಣವೂ ಇಲ್ಲ, ಚುಕ್ಕೆಯೂ ಇಲ್ಲ.

"ಏನ್ ಮಾಡಿಬಿಟ್ರಿ ಅತ್ತೆ!"

"ನಾಲ್ಕು ಜನ ಬರ್ತಾರಲ್ಲೇ. ಈ ಅಸಹ್ಯ ನೋಡಿ, ಈ ಮನೆ ಹೆಂಗಸರು ಎಂಥೋರಪ್ಪಾ ಅನ್ನಲ್ವಾ?"

"ಅದನ್ನೇ ತೋರಿಸ್ಬೇಕಿತ್ತು."

ಒರೆಸುತ್ತಿದ್ದ ಕೈ ನಿಂತಿತು. "ಹೇಸಿಗೆ ತೋರಿಸಿ ನ್ಯಾಯ ಕೇಳೋದು ನಂಗೆ ಗೊತ್ತಾಗಲಿಲ್ಲ ಕಣೇ" ಎಂದರು.

ತಪಾಸಣೆಯವರು ಮಾಲೀಕನೊಡನೆ ಬಂದರು. ಪಟ್ಟಿಯ ಹಿಂದೆ ಬೆಳಕು ಬಿಟ್ಟರು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು.

"ಫೋಟೋ ಇದೆಯೇನಮ್ಮಾ?"

ಗೋಡೆ ಎಲ್ಲಿಗೆ ಓಡಿಹೋಗುತ್ತದೆಂದು ಯಾರೂ ತೆಗೆದಿರಲಿಲ್ಲ. ಕಾನೂನಕ್ಕನೂ ಕೂಡ.

ತಪಾಸಣೆಯವರು ಮಂಚದ ಮೇಲಿನ ಹೊದಿಕೆ ಬಿಡಿಸಿದರು. ಸೀಮೆಎಣ್ಣೆಗೆ ಹೆದರಿ ಅಡಗಿದ್ದ ತಿಗಣೆಯೊಂದು ಹಳದಿ ಫ್ರಾಕಿನ ಹೊಲಿಗೆಯೊಳಗಿನಿಂದ ನಿಧಾನವಾಗಿ ಹೊರಬಂತು. ಅದರ ಹಿಂದೆ ಇನ್ನೊಂದು.

"ನೋಡಿದ್ರಾ ಸಾರ್? ನನ್ನ ಗೋಡೆ ಕನ್ನಡಿ ಇದ್ದಂಗಿದೆ. ಇವರೇ ಹೊತ್ಕೊಂಡು ಬಂದಿದ್ದು" ಎಂದ ಮಾಲೀಕ.

"ನಾನು ಕಂಡಿದ್ದನ್ನ ಮಾತ್ರ ಬರೀಬಹುದಮ್ಮಾ" ಎಂದರು ತಪಾಸಣೆಯವರು. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ಯಂತ್ರ ತರಿಸಿ ಅಂತ ಮಾಲೀಕರಿಗೆ ಹೇಳೋಕೆ ಈಗ ಆಧಾರ ಇಲ್ಲ. ಇದನ್ನ ಸುಟ್ಟುಬಿಡಿ. ಇಲ್ಲಾ, ಕುದಿಸಿ."

ಅವರು ಹೋದ ಮೇಲೆ ಸೊಸೆ ಬೆಂಕಿಪೊಟ್ಟಣದತ್ತ ನೋಡಿದಳು. ಅತ್ತೆ ತಲೆಯಾಡಿಸಿದರು.

"ಬೇಡ. ಅವಳನ್ನ ಒಂದ್ಸಲ ಸುಟ್ಟಿದ್ದು ಸಾಕು."

ದೊಡ್ಡ ಪಾತ್ರೆಯಲ್ಲಿ ನೀರಿಟ್ಟರು. ಕುದಿ ಬಂದಾಗ ಹೊದಿಕೆಯನ್ನು, ಮಗುವನ್ನು ಸ್ನಾನಕ್ಕಿಳಿಸುವ ಹಾಗೆ, ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಬಾಯಲ್ಲಿ ಪದ್ಯವಿರಲಿಲ್ಲ. ಕೋಲಿನಿಂದ ಎತ್ತಿದಾಗ ಎಳೆ ಎಳೆಯಾಗಿ ನೂಲು ಬಂತು. ನೀರೆಲ್ಲ ಹಳದಿಯಾಗಿತ್ತು.

ಸೊಸೆ ಪಾತ್ರೆಯನ್ನು ಬಚ್ಚಲ ಕಡೆ ಬಗ್ಗಿಸಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದರು.

"ಚೆಲ್ಲಬೇಡ್ವೇ. ಇರ್ಲಿ. ಆರ್ಲಿ."

ಇಬ್ಬರೂ ಪಾತ್ರೆಯ ಪಕ್ಕದಲ್ಲಿ ಕೂತರು. ಸೊಸೆ ಅತ್ತೆಯ ತೋಳಿನ ದದ್ದುಗಳನ್ನು ಬೆರಳಿನಿಂದ ಸವರುತ್ತಿದ್ದಳು. ನೀರು ಆರಿತು. ಯಾರೂ ಏಳಲಿಲ್ಲ.