ಅಳುವವಳ ಎಡಗಣ್ಣು

ಚಹಾ ಆರಿದೆ, ಯಾವಾಗ ತಂದಿಟ್ಟನೋ ಅಬ್ದುಲ್‌ಶಕೂರ, ಮೂವತ್ತೆರಡು ವರ್ಷದಿಂದ ಈ ಪುರಾತನ ಗೋರಿಯ ಬಾಗಿಲು ಕಾಯುವವನು, ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಸುರಿಯುವವನು — ಹೆಬ್ಬೆರಳಿಗೆ ಏನೋ ಅಂಟಿದೆ, ನೋಡಬಾರದು, ಮೊದಲು ವರದಿ ಮುಗಿಯಲಿ, ಹಾನಿಗೆ ಕಾರಣ ಎಂಬಲ್ಲಿ ಒಂದು ಸಾಲು, ಅಷ್ಟೇ. ಗೋಡೆಯ ಚಿತ್ರದಲ್ಲಿ ಶವದ ಹಿಂದೆ ತಲೆಗೆ ಮಣ್ಣು ಹಾಕಿಕೊಂಡು ಅಳುವ ಏಳು ಹೆಂಗಸರು, ಬೆಳಿಗ್ಗೆಯಿಂದ ಆರೂವರೆ ಹೆಂಗಸರು — ಥೂ, ಇಂಥ ಹೊತ್ತಲ್ಲೂ ತಮಾಷೆ ನನಗೆ. ಬಣ್ಣ ಗಟ್ಟಿಯಿದೆಯೇ ನೋಡಲು ಮೂರನೆಯವಳ ಮುಖಕ್ಕೆ ತೆಳುಕಾಗದ ಒತ್ತಿ ತೆಗೆದೆ, ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು, ಹಿಂದೆಲ್ಲ ಬೆಳ್ಳಗೆ ಉಪ್ಪು. ಬೇಡ ರತೀಬಾ, ಆ ಅಂಟು ಬಳೀಬೇಡ ಮಗಳೇ, ಗೋಡೆ ಬೆವರುತ್ತೆ, ಉಪ್ಪಿಗೆ ಹೊರಗೆ ಬರೋಕೆ ದಾರಿ ಬೇಕು — ವರ್ಷಗಳ ಹಿಂದೆಯೇ ಗುರು ಹಿಲ್ಮಿ ಹೇಳಿದ್ದರು, ಮುದುಕನಿಗೆ ಅರಳುಮರಳು ಅಂದುಕೊಂಡೆ, ಮಂತ್ರಿ ಬರುವ ಹಿಂದಿನ ದಿನ ಇಡೀ ಗೋಡೆಗೆ ಬಳಿದೆ, ಬಣ್ಣ ನಿನ್ನೆ ಬರೆದಂತೆ ಹೊಳೆಯಿತು, ಮಂತ್ರಿ ಕೈಕುಲುಕಿದ, ಪುಸ್ತಕ ಬಂತು, ಕೈರೋದಲ್ಲಿ ಕುರ್ಚಿ ಬಂತು, ಪುಸ್ತಕದ ಮುಖಪುಟದಲ್ಲಿ ಇವಳೇ, ಇದೇ ಕಾಡಿಗೆಗಣ್ಣು. ಅಂಟಿನ ಬಕೆಟ್ ಹಿಡಿದು ಏಣಿಯ ಕೆಳಗೆ ನಿಂತಿದ್ದವನು ಅಬ್ದುಲ್‌ಶಕೂರ.

ಅಯ್ಯೋ, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ ಡಾಕ್ಟ್ರೇ, ಪ್ರವಾಸಿಗರ ಉಸಿರು ಅಂತ ಬರೀರಿ, ಕಾವಲುಗಾರ ಭಕ್ಷೀಸು ತಿಂದು ಮಿತಿಮೀರಿ ಜನ ಬಿಟ್ಟ ಅಂತ ಸೇರಿಸಿ, ಮುಗೀತು — ಫೋನಿನಲ್ಲಿ ಕಚೇರಿಯ ಸಾಹೇಬ, ನಗುತ್ತಲೇ ಹೇಳಿದ. ಮುಗಿಯುತ್ತದೆ, ಅಬ್ದುಲ್‌ಶಕೂರನ ಕೆಲಸ, ಪಿಂಚಣಿ, ಎಲ್ಲ. ನಿಜ ಬರೆದರೆ ನಾನು ಮುಗಿಯುತ್ತೇನೆ. ಬಿಸಿಲಿಗಿಟ್ಟು ಉಬ್ಬಿಸಿದ ಅವನ ಮನೆ ರೊಟ್ಟಿ ಎಷ್ಟು ವರ್ಷ ತಿಂದಿದ್ದೇನೆ ನಾನು, ರೊಟ್ಟಿ ಉಪ್ಪು ಹಂಚಿಕೊಂಡವರು ಒಬ್ಬರಿಗೊಬ್ಬರು ಕೇಡು ಬಗೆಯಬಾರದು, ಈ ಗುರ್ನಾ ಊರಿನ ಮಕ್ಕಳಿಗೂ ಗೊತ್ತು ಅದು. ಒಂದು ಕಣ್ಣು ಹೋಯ್ತಾ ಪಾಪ, ವಯಸ್ಸಾಯ್ತಲ್ಲ ಡಾಕ್ಟ್ರಮ್ಮ, ನನಗೂ ಒಂದೇ ಸರಿಯಾಗಿ ಕಾಣೋದು ಈಗ — ಬೆಳಿಗ್ಗೆ ಗೋಡೆ ನೋಡಿ ಇಷ್ಟೇ ಅಂದ, ಬಕೆಟ್ಟಿನ ಸುದ್ದಿ ಎತ್ತಲಿಲ್ಲ, ಮರೆತಿಲ್ಲ ಅವನು, ನನ್ನ ಪರವಾಗಿ ತಾನೇ ನಾಚುತ್ತಿದ್ದಾನೆ. ಥೂ ನನ್ನ ಜನ್ಮಕ್ಕೆ. ಬರೆದೆ. ಕಾವಲುಗಾರನ ನಿರ್ಲಕ್ಷ್ಯ, ಎರಡೇ ಪದ.

ವರದಿಯ ಕೆಳಗೆ ಕಾವಲುಗಾರನ ಗುರುತೂ ಬೇಕು, ಬಂದ, ಕೈ ಒರೆಸಿಕೊಳ್ಳುತ್ತಾ, ಹೆಬ್ಬೆಟ್ಟು ಎಲ್ಲಿ ಒತ್ತಲಿ ಡಾಕ್ಟ್ರಮ್ಮ, ಇಲ್ಲೇನಾ — ಓದಲಾರ, ಏನು ಬರೆದಿರಿ ಅಂತ ಕೇಳುವವನೂ ಅಲ್ಲ, ಶಾಯಿಗೆ ಬೆರಳು ಅದ್ದಿಯೇ ಬಿಟ್ಟ, ತೋರಿಸಬೇಕು ನಾನು, ಇಲ್ಲಿ ಅಂತ, ಕೈ ಚಾಚಿದೆ, ನನ್ನ ಹೆಬ್ಬೆರಳು, ಅದರ ಮೇಲೆ ಅಂಟಿಕೊಂಡ ಮೂರನೆಯವಳ ಎಡಗಣ್ಣು, ಒರೆಸಿದರೆ ಪುಡಿ, ಒರೆಸದಿದ್ದರೆ, ಎಲ್ಲಿ ಡಾಕ್ಟ್ರಮ್ಮ, ಇಲ್ಲೇನಾ, ಕಣ್ಣು, ಕಾಡಿಗೆಗಣ್ಣು —