ಮಧ್ಯಾಹ್ನ ಎರಡು ಗಂಟೆಯ ನಕ್ಷತ್ರ

ಐದು ದಿನ ರೈಲು, ಆಮೇಲೆ ಹಡಗು ಹಿಡಿದು ಒಟ್ಟಾವಾದಿಂದ ನಮ್ಮ ಗುಡ್ಡದ ವೀಕ್ಷಣಾಲಯಕ್ಕೆ ಬಂದ ಸರ್ಕಾರಿ ತನಿಖಾಧಿಕಾರಿ ಕ್ರಾಂಡಲ್ ಸಾಹೇಬರು, ನಾವು ಕೊಟ್ಟ ಚಹಾವನ್ನೂ ಮೊದಲು ಮೂಸಿ ನೋಡಿದರು.

ಬಂದದ್ದು ಲೆಟಿಷಿಯಾ ಗಿಲ್‌ಕ್ರಿಸ್ಟ್ ಅವರಿಗೆ ಕಾಯಂ ಹುದ್ದೆ ಕೊಡಬಹುದೇ ಎಂದು ನೋಡಲು. ಏಳು ವರ್ಷ ಸಂಬಳವಿಲ್ಲದೆ ದೂರದರ್ಶಕದ ಬುಡದಲ್ಲಿ ನಡುಗುತ್ತ ಕೂತು, ಬೆಳಕು ಏರಿಳಿಯುವ ಇನ್ನೂರು ನಕ್ಷತ್ರಗಳನ್ನು ಪತ್ತೆಹಚ್ಚಿದಾಕೆ. ಆದರೂ ವೇತನಪಟ್ಟಿಯಲ್ಲಿ ಹೆಂಗಸಿನ ಹೆಸರು ಇದುವರೆಗೆ ಕೂತಿರಲಿಲ್ಲ. ನಿರ್ದೇಶಕ ಬ್ಲೇಕ್ಲಿ ಆಕೆಯನ್ನು "ಒಳ್ಳೇ ಹುಡುಗಿ" ಎನ್ನುತ್ತಿದ್ದರು. ಹುಡುಗಿಗೆ ನಲವತ್ತೊಂದು.

ನಕ್ಷತ್ರಗಳ ಫೋಟೊ ಮೂಡಿದ ಗಾಜಿನ ಫಲಕಗಳ ಕೋಣೆಯ ಗುಮಾಸ್ತ ನಾನು. ಕೇಳಿದ ಪೆಟ್ಟಿಗೆ ತಂದಿಟ್ಟೆ. ಸಾಹೇಬರು ಒಂದು ಫಲಕವನ್ನು ಕಿಟಕಿಗೆ ಹಿಡಿದು ಅಂಚಿನ ಬರಹ ಓದಿದರು.

"ಜನವರಿ ಒಂಬತ್ತು, ಹದಿನಾಲ್ಕು ಗಂಟೆ. ಅಂದ್ರೆ ಮಧ್ಯಾಹ್ನ ಎರಡು. ಬಿಸಿಲಲ್ಲಿ ನಕ್ಷತ್ರದ ಫೋಟೊ ತೆಗೆದ್ರಾ, ಮಿಸ್ ಗಿಲ್‌ಕ್ರಿಸ್ಟ್?"

"ಹಳೇ ಲೆಕ್ಕ ಸರ್. ಒಂದೇ ರಾತ್ರಿಗೆ ಎರಡು ತಾರೀಖು ಬೀಳಬಾರದು ಅಂತ ನಾವು ದಿನವನ್ನ ಮಧ್ಯಾಹ್ನದಿಂದ ಎಣಿಸ್ತಿದ್ವಿ. ಅದು ಹತ್ತನೇ ತಾರೀಖು ಬೆಳಗಿನ ಜಾವ ಎರಡು ಗಂಟೆ. ಈ ಹೊಸ ವರ್ಷದಿಂದ ಎಲ್ಲರ ಹಾಗೆ ಮಧ್ಯರಾತ್ರಿಯಿಂದ ಅಂತಾಯ್ತು. ಕೈ ಹಳೇ ರೂಢಿ ಮರೀಲಿಲ್ಲ. ತಪ್ಪು ನಂದೇ."

"ಒಳ್ಳೇ ಅನುಕೂಲದ ಮರೆವು. ಮನೇಲಿ ಕೂತು ಬರೆದಿದ್ದಲ್ಲ ಅಂತ ಹೇಗೆ ನಂಬಲಿ?" ಸಾಹೇಬರು ನಿರ್ದೇಶಕರತ್ತ ತಿರುಗಿದರು. "ಹೊಸ ಲೆಕ್ಕದ ಸುತ್ತೋಲೆ ಇವ್ರಿಗೆ ತಲುಪಿತ್ತಾ?"

"ನಾನೇ ಬರೆದು ಕೊಟ್ಟಿದ್ದೆ," ಎಂದರು ಬ್ಲೇಕ್ಲಿ. ಒಂದು ವಾಕ್ಯದಲ್ಲಿ ಆಕೆಯನ್ನು ಉಳಿಸಬಹುದಾದ ಮನುಷ್ಯ ಪೈಪಿಗೆ ತಂಬಾಕು ತುಂಬುತ್ತಿದ್ದರು. ಅವರ ಸೋದರಳಿಯನೊಬ್ಬ ಟೊರಾಂಟೊದಲ್ಲಿ ಪದವಿ ಮುಗಿಸಿ ಖಾಲಿ ಕೂತಿದ್ದ. ನನ್ನ ಅನುಮಾನ ಸಣ್ಣ ಬುದ್ಧಿಯದಿರಬಹುದು, ಆದರೆ ಆ ಪೈಪು ತುಂಬಲು ಅಷ್ಟು ಹೊತ್ತು ಬೇಕಿರಲಿಲ್ಲ.

ನಾನು ಏಳಲು ಹೊರಟಿದ್ದನ್ನು ಕಂಡು ಆಕೆ ಬೇಡವೆಂಬಂತೆ ತಲೆಯಾಡಿಸಿದರು. ಆಕೆಯ ಹುದ್ದೆಯ ಶಿಫಾರಸಿಗೆ ಸಹಿ ಹಾಕಬೇಕಾದವರು ಬ್ಲೇಕ್ಲಿಯೇ.

ಆದರೂ ನಾನು ಎದ್ದು ಇನ್ನೊಂದು ಪೆಟ್ಟಿಗೆ ತಂದೆ. "ಅದೇ ವಾರದ್ದು ಸಾಹೇಬ್ರೆ. ನಿರ್ದೇಶಕರು ಸ್ವತಃ ತೆಗೆದಿದ್ದು."

"ಇದನ್ನ ಯಾರು ಕೇಳಿದ್ರು, ವಾಟ್ಸ್?" ಎಂದರು ಬ್ಲೇಕ್ಲಿ.

"ಯಾರೂ ಇಲ್ಲ ಸರ್. ಪಕ್ಕದ ಕಪಾಟಲ್ಲೇ ಇತ್ತು."

ಸಾಹೇಬರು ಒಂದೊಂದಾಗಿ ಓದಿದರು. ಹದಿಮೂರು ಗಂಟೆ. ಹದಿನೈದು ಗಂಟೆ. ಮತ್ತೆ ಹದಿಮೂರು. ಆಮೇಲೆ ಕಡತದಲ್ಲಿದ್ದ ಸುತ್ತೋಲೆಯ ಕೆಳಗಿನ ಸಹಿಯನ್ನು ಫಲಕಗಳ ಮೇಲಿನ ಸಹಿಗೆ ಹೋಲಿಸಿ ನೋಡಿದರು.

"ಸುಳ್ಳಾದ್ರೆ ಇಬ್ರದ್ದೂ ಸುಳ್ಳು, ಡಾಕ್ಟರ್ ಬ್ಲೇಕ್ಲಿ. ಮರೆವಾದ್ರೆ ಇಬ್ರದ್ದೂ ಮರೆವು. ಯಾವುದು ಅಂತ ಬರ್ಕೊಳ್ಳಲಿ?"

ಬ್ಲೇಕ್ಲಿ ಪೈಪು ಕೆಳಗಿಟ್ಟು ಶಿಫಾರಸು ಪತ್ರ ಎಳೆದುಕೊಂಡರು. ಸಹಿ ಹಾಕಿ, ಯಾರ ಮುಖವನ್ನೂ ನೋಡದೆ, ಒಪ್ಪಿಗೆಯ ರುಜುವಿಗೆಂದು ಆಕೆಯತ್ತ ತಳ್ಳಿದರು.

ಆಕೆ ಹೆಸರು ಬರೆದು, ಪೆನ್ನು ಹಿಡಿದೇ ಬ್ಲೇಕ್ಲಿಯತ್ತ ತಿರುಗಿದರು.

"ಯಾವ ಲೆಕ್ಕದ ತಾರೀಖು ಹಾಕಲಿ, ಸರ್?"