ತಳಕ್ಕೆ ಹತ್ತು ಸುತ್ತು

ಒಂಬತ್ತು ವರ್ಷಗಳ ಮೇಲೆ ನನ್ನ ಅಣ್ಣ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದು ಶನಿವಾರ ಬೆಳಿಗ್ಗೆ, ಹಿಡಿ ಮುರಿದ ಗಾಳದ ರೀಲೊಂದನ್ನು ಕೈಯಲ್ಲಿ ಹಿಡಿದುಕೊಂಡು. ಮಾರನೆಯ ದಿನ ಕೆರೆಯಲ್ಲಿ ಬಾಸ್ ಮೀನಿನ ಸ್ಪರ್ಧೆ. ಸೇತುವೆಯಾಚೆಯ ದೊಡ್ಡ ಅಂಗಡಿ ಹಿಂದಿನ ತಿಂಗಳೇ ಮುಚ್ಚಿತ್ತು. ಗಾಳದ ಸಾಮಾನು ಬೇಕೆಂದರೆ ಇನ್ನು ನಮ್ಮದೊಂದೇ ಗತಿ. ನಾನು ಬಾ ಎನ್ನಲಿಲ್ಲ. ಗಿರಾಕಿಗೆ ಬಾ ಎನ್ನಬೇಕಿಲ್ಲ, ಬಾಗಿಲು ತೆರೆದಿದ್ದರೆ ಸಾಕು.

ಅಂಗಡಿ ದೊಡ್ಡದೇನಲ್ಲ. ಮುಂದೆ ಗಾಜಿನ ಕೌಂಟರ್, ಅದರೊಳಗೆ ಕೊಕ್ಕೆಗಳ ಪುಟ್ಟ ಡಬ್ಬಿಗಳು. ಗೋಡೆಗೆ ಒರಗಿಸಿದ ಗಾಳದ ಕೋಲುಗಳು. ಹಿಂದುಗಡೆ ಪರದೆ, ಪರದೆಯಾಚೆ ರಿಪೇರಿ ಮೇಜು. ಮೊದಲು ಮುಂದೆ ಕೂರುತ್ತಿದ್ದವರು ನನ್ನ ಗಂಡ. ಒಂಬತ್ತು ವರ್ಷದಿಂದ ನಾನು ಮುಂದೆ, ಅವರು ಪರದೆಯ ಹಿಂದೆ. ಹಾಗೆ ಮಾಡಿದವನು ಈ ನನ್ನ ಒಡಹುಟ್ಟಿದವನು.

ಆ ವರ್ಷದ ಸ್ಪರ್ಧೆಯಲ್ಲಿ ನನ್ನ ಗಂಡನ ಮೀನು ಎಲ್ಲಕ್ಕಿಂತ ಹೆಚ್ಚು ತೂಗಿತ್ತು. ಎರಡನೆಯದು ಅಣ್ಣನದು. ಎರಡರ ನಡುವೆ ಇದ್ದದ್ದು ಒಂದು ನಿಂಬೆಹಣ್ಣಿನಷ್ಟು ತೂಕ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿರುವಾಗಲೇ ಅಣ್ಣ ಮುಂದೆ ಬಂದು, ಅದರ ಹೊಟ್ಟೆ ಕೊಯ್ದು ನೋಡಿ ಎಂದ. ಕೊಯ್ದರು. ಮೂರು ಸೀಸದ ಗುಂಡುಗಳು ಮೇಜಿನ ಮೇಲೆ ಉರುಳಿದವು. ಸ್ವಂತ ಭಾವನೇ ಹೇಳಿದ ಮೇಲೆ ಇನ್ನೇನಿದೆ, ತಂಗಿಯ ಮನೆಯ ಮಾನವನ್ನು ಯಾರಾದರೂ ಸುಮ್ಮನೆ ಕಳೆಯುತ್ತಾರೆಯೇ ಎಂದು ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಹಿಡಿದ ಮೀನಿನ ಬುಟ್ಟಿಗಳನ್ನೆಲ್ಲ ದೋಣಿಕಟ್ಟೆಗೆ ಸಾಲಾಗಿ ಕಟ್ಟಿದ್ದರು, ಯಾರು ಬೇಕಾದರೂ ಕೈ ಹಾಕಬಹುದಿತ್ತು. ಆದರೆ ಇಡೀ ಕಟ್ಟೆಯಲ್ಲಿ ಯಾರಿಗೂ ಸಂಶಯವೇ ಬರದಿರುವಾಗ ಹೊಟ್ಟೆಯೊಳಗೆ ಏನಿದೆಯೆಂದು ಗೊತ್ತಿರುವುದು ಒಳಗೆ ಹಾಕಿದವನಿಗೆ ಮಾತ್ರ.

ಸಾಕ್ಷಿ ಇರಲಿಲ್ಲ. ಗಂಡ ವಾದಿಸಲಿಲ್ಲ, ಹೋಗಲಿ ಬಿಡು ಎಂದರು. ಆಮೇಲೆ ಕೆರೆಯ ಕಡೆಗೆ ಕಾಲಿಡಲಿಲ್ಲ. ಅಣ್ಣ ಆ ವರ್ಷದ ಬಹುಮಾನದ ಕಪ್ ತೆಗೆದುಕೊಂಡ, ಎರಡು ವರ್ಷದ ಮೇಲೆ ಸ್ಪರ್ಧೆ ನಡೆಸುವ ಸಂಘದ ಅಧ್ಯಕ್ಷನೂ ಆದ. ನನಗೆ ಹೋಗಲಿ ಬಿಡು ಎನ್ನಲು ಬರುವುದಿಲ್ಲ. ಗಾಳದ ವ್ಯಾಪಾರದಲ್ಲಿ ಕಾಯುವುದೇ ಮುಕ್ಕಾಲು ಕೆಲಸ. ನಾನು ಕಾದೆ.

ಅವನು ಬಂದಾಗ ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಇದ್ದರು, ಸಂಘದ ಸದಸ್ಯರೇ, ಹಲ್ಲಿನ ಡಾಕ್ಟರು. ಒಂದು ಡಬ್ಬಿ ಕೊಕ್ಕೆ ಕೊಳ್ಳಲು ಅರ್ಧ ಗಂಟೆ ಬೇಕು ಅವರಿಗೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಅಣ್ಣ ಅವರಿಗೆ ನಮಸ್ಕಾರ ಹೇಳಿದ. ನನಗೆ ಹೇಗಿದ್ದೀಯ ಎನ್ನಲಿಲ್ಲ.

"ಎಲ್ಲದಕ್ಕೂ ಆಗೋ ಅಂಥದ್ದು ಒಂದು ರೀಲು, ಒಂದು ದಾರ," ಎಂದ. "ನಾಳೆಗೆ."

ಎಲ್ಲದಕ್ಕೂ ಆಗುವುದೆಂದರೆ ಯಾವುದಕ್ಕೂ ಪೂರ್ತಿ ಆಗದ್ದು ಎಂದು ಹೇಳಿ, ಮೂರು ರೀಲು ತೆಗೆದು ಇಟ್ಟೆ. ಸಣ್ಣದರಲ್ಲಿ ಸಾಕಷ್ಟು ದಾರ ಹಿಡಿಸುವುದಿಲ್ಲ. ದೊಡ್ಡದು ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನೋಯಿಸುತ್ತದೆ. ನಡುವಿನದು ಜೊಂಡಿನ ಸಂದಿಗೂ ಸೈ, ಆಳದ ನೀರಿಗೂ ಸೈ. ಅವನು ನಡುವಿನದರ ಹಿಡಿ ತಿರುಗಿಸಿ, ಕಿವಿಗೆ ಹಿಡಿದು ಸದ್ದು ಕೇಳಿ, ಆಗಲಿ ಎಂದ. ರೀಲು ಆರಿಸುವುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಇಬ್ಬರಿಗೂ ಕಲಿಸಿದವರು ಒಬ್ಬರೇ ಅಪ್ಪ.

ಉಳಿದದ್ದು ದಾರ. ನೈಲಾನ್ ಎಳೆದರೆ ಚೂರು ಹಿಗ್ಗುತ್ತದೆ. ಮೀನು ಒಮ್ಮೆಗೇ ಜಗ್ಗಿದಾಗ ಕೈಯ ತಪ್ಪನ್ನು ಅದು ನುಂಗಿಕೊಳ್ಳುತ್ತದೆ. ಬ್ರೇಡು ಬೇರೆ ಜಾತಿ. ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು, ತೆಳ್ಳಗೆ, ಬಲಶಾಲಿ, ಹಿಗ್ಗುವುದೇ ಇಲ್ಲ. ಅದಕ್ಕಿರುವ ದೋಷ ಒಂದೇ, ಜಾರುತ್ತದೆ. ರೀಲಿನ ನುಣುಪಾದ ಲೋಹದ ಉರುಳೆಗೆ ಅದನ್ನು ನೇರವಾಗಿ ಸುತ್ತಿದರೆ ಸಣ್ಣ ಮೀನಿಗೆ ಏನೂ ಆಗುವುದಿಲ್ಲ. ದೊಡ್ಡದು ಎಳೆದಾಗ ಸುತ್ತಿದ್ದೆಲ್ಲ ಸಡಿಲ ಬಳೆಯಂತೆ ಉರುಳೆಯ ಮೇಲೆ ತಿರುಗುತ್ತದೆ. ಹಿಡಿ ಎಷ್ಟು ತಿರುಗಿಸಿದರೂ ದಾರ ಬರುವುದಿಲ್ಲ. ಅದಕ್ಕೇ ತಳಕ್ಕೆ ಮೊದಲು ಹತ್ತು ಸುತ್ತು ನೈಲಾನ್ ಬಿಗಿದು, ಅದರ ತುದಿಗೆ ಬ್ರೇಡನ್ನು ಗಂಟು ಹಾಕಬೇಕು. ನೈಲಾನ್ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಕೆಲವು ಹೊಸ ರೀಲುಗಳ ಉರುಳೆಗೆ ರಬ್ಬರಿನ ಪಟ್ಟಿ ಇರುತ್ತದೆ, ಅವಕ್ಕೆ ಬೇಡ. ಅಣ್ಣ ಆರಿಸಿದ್ದಕ್ಕೆ ಪಟ್ಟಿ ಇರಲಿಲ್ಲ. ಅವನು ಹುಟ್ಟಿದಾರಭ್ಯ ನೈಲಾನ್ ಬಳಸಿದವನು. ಬ್ರೇಡಿನ ವಿಷಯ ಬಾಯಿಮಾತಿನಲ್ಲಿ ಕೇಳಿದ್ದಷ್ಟೆ.

ಅಪ್ಪ ಒಂದು ಮಾತು ಹೇಳುತ್ತಿದ್ದರು: ನನ್ನ ಮಗನನ್ನು ಬಲಕ್ಕೆ ಕಳಿಸಬೇಕಾದರೆ ಎಡಕ್ಕೆ ಹೋಗು ಎನ್ನಬೇಕು, ಅದನ್ನೂ ಅವನ ತಂಗಿಯ ಬಾಯಲ್ಲಿ ಅನ್ನಿಸಬೇಕು. ದೋಣಿಯಲ್ಲಿ ನಾನು ಎಡಗಡೆ ಮೀನಿದೆ ಎಂದರೆ ಅವನ ಗಾಳ ಬಲಗಡೆ ಬೀಳುತ್ತಿತ್ತು. ನಾನು ಹೇಳಿದ್ದು ಸರಿಯೆಂದು ಕಂಡ ಮೇಲಂತೂ ಇನ್ನಷ್ಟು ದೂರ ಬೀಳುತ್ತಿತ್ತು. ಆ ದಿನ ಕೌಂಟರಿನ ಹಿಂದೆ ನಿಂತು ನಾನು ಅವನಿಗೆ ಒಂದೇ ಒಂದು ಸುಳ್ಳು ಹೇಳಲಿಲ್ಲ. ದನಿಯನ್ನು ಮಾತ್ರ ಆರಿಸಿಕೊಂಡೆ. ಉಳಿದುಹೋದ ಸರಕನ್ನು ಸಾಗಹಾಕುವ ಅಂಗಡಿಯವರ ಜೇನಿನಂಥ ದನಿ.

"ನೈಲಾನ್ ತಗೋ ಅಣ್ಣ, ಹತ್ತು ಪೌಂಡು ತೂಕ ತಡೆಯೋದು. ನಿನ್ನ ಕೈಗೆ ಒಗ್ಗಿರೋದೂ ಅದೇ. ನನ್ನ ಹತ್ರ ರಾಶಿ ಇದೆ, ನಿನಗೆ ಅಂತಾನೇ ಕೊಡ್ತೀನಿ."

ಅವನ ಕಣ್ಣು ಸಣ್ಣಗಾಯಿತು. "ಬ್ರೇಡು ಕೊಡು."

"ಆಗ್ಲಿ. ಆದ್ರೆ ಬ್ರೇಡಾದ್ರೆ ತಳಕ್ಕೆ ಹತ್ತು ಸುತ್ತು ನೈಲಾನ್ ಹಾಕಿಸ್ಕೋಬೇಕು. ಇಲ್ದಿದ್ರೆ ಜಾರುತ್ತೆ, ಆಮೇಲೆ ನನ್ನ ಅನ್ಬೇಡ."

"ಸುತ್ತಿ ಬಳಸಿ ನಿನ್ನ ನೈಲಾನೇ ನನ್ನ ತಲೆಗೆ ಕಟ್ಟಬೇಕು, ಅಲ್ವಾ?"

ಹಲ್ಲಿನ ಡಾಕ್ಟರು ನಕ್ಕರು. ಆಗ ನಾನು ಎಣಿಸದೇ ಇದ್ದದ್ದೊಂದು ನಡೆಯಿತು. ಪರದೆ ಸರಿಸಿಕೊಂಡು ನನ್ನ ಗಂಡ ಹೊರಗೆ ಬಂದರು. ಕೈಯಲ್ಲಿ ಸ್ಕ್ರೂಡ್ರೈವರ್, ಬೆರಳಿಗೆ ಗ್ರೀಸು. ಒಂಬತ್ತು ವರ್ಷದಲ್ಲಿ ಇಬ್ಬರೂ ಎದುರುಬದುರು ನಿಂತದ್ದು ಅದೇ ಮೊದಲು.

"ಭಾವ, ಅವಳು ಹೇಳ್ತಿರೋದು ನಿಜ," ಎಂದರು. "ಈ ಉರುಳೆ ತೀರಾ ನುಣುಪು. ಹಾಕಿಸ್ಕೊಂಡೇ ಹೋಗಿ."

ಅವರ ದನಿಯಲ್ಲಿ ಜೇನೂ ಇರಲಿಲ್ಲ, ವಿಷವೂ ಇರಲಿಲ್ಲ. ಅಣ್ಣ ನಂಬಿಬಿಟ್ಟನೇನೋ ಎಂದು ಹೆದರಿದೆ. ಒಂದು ಕ್ಷಣ ಅವನು ಉರುಳೆಯ ಮೇಲೆ ಬೆರಳಾಡಿಸಿ ನೋಡಿದ್ದೂ ನಿಜ. ಆದರೆ ತಾನು ಕಳ್ಳ, ಪರರ ನಂಬ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

"ಹಾಗೇ ನಾಲ್ಕು ಸೀಸದ ಗುಂಡೂ ಒಳಗೆ ತುಂಬಿಕೊಡ್ತೀಯೇನಪ್ಪ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಒಂದು ಸುತ್ತೂ ನೈಲಾನ್ ಇರಕೂಡ್ದು. ನನ್ನ ಕಣ್ಣೆದುರಿಗೇ ಸುತ್ತು," ಎಂದ.

ಗಂಡ ಪರದೆಯ ಹಿಂದಕ್ಕೆ ಹೋದರು. ನನ್ನೊಳಗೆ ಎಲ್ಲೋ ಒಂದು ಚೂರು ಕನಿಕರ ಉಳಿದಿದ್ದರೆ ಅದೂ ಆಗ ಆರಿಹೋಯಿತು. ನಾನು ಸುತ್ತಿದೆ. ಗಂಟು ಗಟ್ಟಿಯಾಗಿ ಹಾಕಿದೆ, ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು, ಸುತ್ತುಗಳು ಒಂದರೊಳಗೊಂದು ಸಿಕ್ಕಿಕೊಳ್ಳದಂತೆ, ಬಿಗಿಯಾಗಿ, ಅಪ್ಪ ನೋಡಿದ್ದರೆ ಬೆನ್ನು ತಟ್ಟಬೇಕು ಹಾಗೆ. ಅವನು ಕೈಯಿಂದ ಎಳೆದು ನೋಡಿದ. ನಿಂತಿತು. ಅಷ್ಟು ಎಳೆತಕ್ಕೆ ನಿಂತೇ ನಿಲ್ಲುತ್ತದೆ.

ಅಣ್ಣನೂ ಡಾಕ್ಟರೂ ಹೋದ ಮೇಲೆ ಗಂಡ ಪರದೆಯಾಚೆಯಿಂದಲೇ, ನೀನು ನಿಜವನ್ನೇ ಹೇಳಿದೆ, ಆದರೆ ಅವನು ಕೇಳುವ ಹಾಗೆ ಹೇಳಲಿಲ್ಲ ಎಂದರು. ನೀವು ಕೇಳುವ ಹಾಗೇ ಹೇಳಿದಿರಲ್ಲ, ಕೇಳಿದನೇ ಎಂದೆ. ಆ ದಿನವೆಲ್ಲ ಅವರು ನನ್ನೊಡನೆ ಮಾತಾಡಿದ್ದು ಕಡಿಮೆ.

ಭಾನುವಾರ ಅಂಗಡಿಯ ಬಾಗಿಲು ಹಾಕಿ ನಾನೊಬ್ಬಳೇ ದೋಣಿಕಟ್ಟೆಗೆ ಹೋದೆ. ಜನ ನನ್ನನ್ನು ನೋಡಿ, ಆಮೇಲೆ ನೀರನ್ನು ನೋಡಿದರು. ಆ ಹಳೆಯ ತೂಕದ ಮೇಜು ಅದೇ ಜಾಗದಲ್ಲಿತ್ತು. ಅದರ ಹಿಂದೆ ತೂಕದಜ್ಜ, ಎಲ್ಲರಿಗೂ ಅವನು ತೂಕದಜ್ಜನೇ, ಮೂವತ್ತು ವರ್ಷದಿಂದ ಕಾಟಾ ಹಿಡಿದವನು. ಸ್ವಲ್ಪ ಸರಿದು ನನಗೂ ನೆರಳು ಬಿಟ್ಟುಕೊಟ್ಟ.

ಅಣ್ಣನ ದೋಣಿ ಜೊಂಡಿನ ಅಂಚಿನಲ್ಲಿ, ಕಟ್ಟೆಯಿಂದ ಕಣ್ಣಳತೆಯ ದೂರದಲ್ಲಿತ್ತು. ಬೆಳಿಗ್ಗೆಯಿಂದ ಮೂರು ಸಣ್ಣ ಮೀನು ಹಿಡಿದಿದ್ದ. ಪ್ರತಿ ಮೀನಿಗೂ ರೀಲು ಸರಿಯಾಗೇ ನಡೆಯಿತು. ಇವತ್ತು ದೊಡ್ಡದು ಕಚ್ಚದೇ ಹೋದರೆ ಏನು ಗತಿ ಎಂದು ಕೆರೆಯ ಮೀನುಗಳಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಹತ್ತು ಗಂಟೆಯ ಮೇಲೆ ಅವನ ಕೋಲು ಒಮ್ಮೆಗೇ ಬಿಲ್ಲಿನಂತೆ ಬಾಗಿತು. ಮೀನು ನೀರಿನಿಂದ ಅರ್ಧ ಎದ್ದು ಬಿತ್ತು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಅಷ್ಟು ದೊಡ್ಡ ಬಾಸ್ ಆ ಕೆರೆಯಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಹಿಡಿ ತಿರುಗಿಸಿದ. ದಾರ ಬರಲಿಲ್ಲ. ಇನ್ನೂ ವೇಗವಾಗಿ ತಿರುಗಿಸಿದ. ದಾರ ಹೊರಗೇ ಹೋಗುತ್ತಿತ್ತು. ರೀಲಿನ ಬಿಗಿ ಹೆಚ್ಚಿಸಿ ಎಂದು ಯಾರೋ ಕೂಗಿದರು. ಕೊನೆಯ ತನಕ ಬಿಗಿದ. ಬಿಗಿಯುವುದೆಲ್ಲ ಉರುಳೆಗೆ, ಜಾರುತ್ತಿರುವುದು ಉರುಳೆಯ ಮೇಲಿನ ದಾರ. ನಾನೊಬ್ಬಳೇ ಅಲ್ಲಿ ಆರಾಮಾಗಿ ಕೂತಿದ್ದವಳು. ಕೊನೆಗೆ ಅವನು ದಾರವನ್ನೇ ಬರಿಗೈಗೆ ಸುತ್ತಿ ಎಳೆದ. ಬ್ರೇಡು ಚಾಕುವಿನ ಹಾಗೆ ಅಂಗೈ ಕೊಯ್ದುಕೊಂಡು ಹೋಯಿತು. ನೋವು ತಡೆಯಲಾರದೆ ಇನ್ನೊಂದು ಕೈಯಿಂದ ಕತ್ತರಿ ತೆಗೆದು ದಾರ ಕತ್ತರಿಸಿಬಿಟ್ಟ. ಜೊಂಡು ಒಮ್ಮೆ ಅಲ್ಲಾಡಿ ಸುಮ್ಮನಾಯಿತು.

ಕಟ್ಟೆಗೆ ಬಂದಾಗ ಅವನ ತೋಳಿನವರೆಗೂ ರಕ್ತ. ನನ್ನನ್ನು ಕಂಡ. ಇವಳೇ ರೀಲು ಕೆಡಿಸಿ ಕೊಟ್ಟವಳು, ಗಂಡ ಸೀಸ ತುಂಬುವವನು, ಹೆಂಡತಿ ಇಂಥವಳು ಎಂದು ಎಲ್ಲರೆದುರು ಕೂಗಾಡಿದ. ತೂಕದಜ್ಜ ರೀಲನ್ನು ಕೈಗೆ ತೆಗೆದುಕೊಂಡು ಸುರುಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೂಕಿದ. ಇಡೀ ಸುರುಳಿ ಗುಂಡಗೆ ತಿರುಗಿತು.

"ತಳಕ್ಕೆ ನೈಲಾನ್ ಇಲ್ಲ," ಎಂದ.

"ಇರಬಾರ್ದು ಅಂದದ್ದು ಅಧ್ಯಕ್ಷರೇ," ಎಂದರು ಹಲ್ಲಿನ ಡಾಕ್ಟರು. "ನಾನಲ್ಲೇ ಇದ್ದೆ. ಇವರೂ ಹೇಳಿದ್ರು, ಇವರ ಯಜಮಾನರೂ ಹೊರಗೆ ಬಂದು ಹೇಳಿದ್ರು. ಅಧ್ಯಕ್ಷರು ಕೇಳಲಿಲ್ಲ."

ಡಾಕ್ಟರ ಮಾತನ್ನು ಅಲ್ಲಗಳೆಯುವ ಧೈರ್ಯ ಯಾರಿಗಿದೆ, ಸಂಘದ ಅರ್ಧಕ್ಕರ್ಧ ಹಲ್ಲುಗಳು ಅವರ ಕೈಯಲ್ಲಿವೆ. ಯಾರೋ ಕೈ ನೋಡಿ ಎಂದದ್ದಕ್ಕೆ, ನನಗೆ ಬಾಯೊಳಗಿನದು ಮಾತ್ರ ಗೊತ್ತು ಎಂದು ಹಿಂದೆ ಸರಿದರು.

ನಾನು ಎದ್ದೆ. ಮೇಜಿನ ಮೇಲಿದ್ದ ಒಣ ಬಟ್ಟೆ ತೆಗೆದುಕೊಂಡು ಅಣ್ಣನ ಕೈ ಹಿಡಿದೆ. ಅವನು ಬೇಡ ಎನ್ನಲಿಲ್ಲ. ಗಾಯಕ್ಕೆ ಕಟ್ಟು ಹಾಕುವುದೂ ಅಪ್ಪ ಕಲಿಸಿದ್ದೇ. ಒಂದು ಸುತ್ತು ಸುತ್ತಿದೆ, ಎರಡು ಸುತ್ತಿದೆ. ಮೂರನೆಯದನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿದೆ.

"ಅವತ್ತು ಸೀಸ ಹಾಕಿದ್ದು ಯಾರಣ್ಣ?" ಎಂದೆ, ಬಟ್ಟೆಯ ತುದಿ ಹಿಡಿದುಕೊಂಡೇ.

ಅವನು ಸುತ್ತ ನೋಡಿದ. ಹಿಂದೆ ಒಂದು ಸಲ ಅವನು ಕೈ ತೋರಿಸಿದ ಕಡೆಗೆ ತಿರುಗಿದ್ದ ಮುಖಗಳೆಲ್ಲ ಈಗ ಅವನನ್ನೇ ನೋಡುತ್ತಿದ್ದವು. ತೂಕದಜ್ಜ, "ಕೊಯ್ದು ನೋಡಿ ಅಂತ ಮೊದಲು ಬಾಯಿ ತೆಗೆದವನು ನೀನೇ. ಕೊಯ್ದವನು ನಾನು. ಅವತ್ತಿಂದ ನನಗೆ ಅದು ನುಂಗೋಕೂ ಆಗಿಲ್ಲ, ಉಗಿಯೋಕೂ ಆಗಿಲ್ಲ," ಎಂದ.

"ನಾನೇ," ಎಂದ ಅಣ್ಣ. ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ. "ಬಿಡು ಕೈ."

"ಜೋರಾಗಿ ಹೇಳು."

"ನೋಯ್ತಿದೆ ಕಣೇ."

"ಗೊತ್ತು. ಜೋರಾಗಿ ಹೇಳು."

"ನಾನೇ ಹಾಕಿದ್ದು ಅಂದ್ನಲ್ಲ," ಎಂದ. ಈ ಸಲ ಕಟ್ಟೆಯ ಆ ತುದಿಯವರೆಗೂ ಕೇಳಿಸಿತು. ನಾನು ಗಂಟು ಹಾಕಿ ಕೈ ಬಿಟ್ಟೆ.

ಅಂಗಡಿಗೆ ಓಡುವ ನಡಿಗೆಯಲ್ಲಿ ಬಂದೆ. ಗಂಡ ಮೇಜಿನ ಮುಂದೆ ಕೂತಿದ್ದರು. ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬರಬಹುದು, ಅಥವಾ ನಗಬಹುದು ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ದಾರ ಕತ್ತರಿಸಿದ್ದು ಎಲ್ಲಿ? ಕೊಕ್ಕೆ ಹತ್ರವೋ, ರೀಲಿನ ಹತ್ರವೋ?"

ರೀಲಿನ ಹತ್ತಿರ ಎಂದೆ.

"ಹಾಗಾದ್ರೆ ನಲವತ್ತು ಮಾರಾದ್ರೂ ಬ್ರೇಡು ಆ ಮೀನಿನ ಬಾಯಲ್ಲಿದೆ. ಜೊಂಡಿಗೆ ಸುತ್ತಿಕೊಂಡಿರುತ್ತೆ. ಅದು ಕೊಳೆಯೋ ದಾರ ಅಲ್ಲ, ಮೀನು ಅಲ್ಲೇ ಸಾಯುತ್ತೆ," ಎನ್ನುತ್ತ ಎದ್ದು, ಇಕ್ಕಳ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ನಾನು ಅವರಿಗಿಂತ ಹತ್ತು ಹೆಜ್ಜೆ ಹಿಂದೆ.

ಕಟ್ಟೆಯಲ್ಲಿ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ತೂಕದಜ್ಜ ತನ್ನದೇ ದೋಣಿಯ ಹಗ್ಗ ಬಿಚ್ಚಿಕೊಟ್ಟ. ಅಣ್ಣ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ನನ್ನ ಗಂಡ ಅವನನ್ನು ನೋಡಲಿಲ್ಲ. ನೋಡಬಾರದೆಂದಲ್ಲ, ಅವರ ಕಣ್ಣು ಆಗಲೇ ಜೊಂಡಿನ ಮೇಲಿತ್ತು. ಇಬ್ಬರೂ ದೋಣಿ ಹತ್ತಿದೆವು, ಹುಟ್ಟು ಹಾಕಿದವಳು ನಾನು.

ಹುಡುಕಲು ಅರ್ಧ ಗಂಟೆ ಹಿಡಿಯಿತು. ದಾರ ಜೊಂಡಿನ ಬುಡಕ್ಕೆ ಏಳೆಂಟು ಸುತ್ತು ಬಿದ್ದಿತ್ತು, ಮೀನು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲೇ ನಿಂತಿತ್ತು. ಅವರು ದೋಣಿಯಿಂದ ಸೊಂಟದವರೆಗೆ ಹೊರಗೆ ಬಾಗಿ, ಒಂದೊಂದೇ ಸುತ್ತು ಬಿಡಿಸಿ, ಅದರ ಕೆಳದವಡೆ ಹಿಡಿದು ಮೇಲೆತ್ತಿದರು. ಒಂಬತ್ತು ವರ್ಷದ ಹಿಂದಿನ ಆ ಮೀನು ಇದರ ಮುಂದೆ ಏನೂ ಅಲ್ಲ. ಕಟ್ಟೆಯಲ್ಲಿದ್ದವರೆಲ್ಲ ನಿಂತು ನೋಡುತ್ತಿದ್ದರು. ಅಣ್ಣನೂ ಎದ್ದು ನಿಂತಿದ್ದ. ಅಲ್ಲಿಗೆ ತೆಗೆದುಕೊಂಡು ಹೋಗಿ ಕಾಟಾದ ಮೇಲಿಡಿ, ಅವನ ಕಣ್ಣೆದುರು ತೂಗಿಸಿ ಎಂದು ನಾನು ಹೇಳುವಷ್ಟರಲ್ಲಿ ಅವರು ಇಕ್ಕಳದಿಂದ ಕೊಕ್ಕೆ ಬಿಡಿಸಿ, ಮೀನನ್ನು ನೀರಿಗೆ ಜಾರಿಸಿ ಬಿಟ್ಟರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎರಡು ನಿಮಿಷ ತೂಕಕ್ಕೆ ಇಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು. "ಇನ್ನೂ ಸಾಕಾಗಿಲ್ವೇನೇ ನಿನಗೆ?"

"ಇಲ್ಲ," ಎಂದೆ. ಅದು ನಿಜವೇ ಆಗಿತ್ತು. ಅವರು ಉಳಿದ ದಾರವನ್ನು ಜೊಂಡಿನಿಂದ ಎಳೆದೆಳೆದು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದರು, ಒಂದು ಮಾರೂ ನೀರಿನಲ್ಲಿ ಉಳಿಯಬಾರದೆಂದು. ಅದು ಮುಗಿಯುವ ತನಕ ನಾನು ದೋಣಿಯನ್ನು ಅಲ್ಲಾಡದಂತೆ ಹಿಡಿದುಕೊಂಡೆ.